ಪಂಕ್ತಿಭೇದವಿಲ್ಲದ ಪೆಟ್ಟಿಗೆ

"ಇನ್ನು ಮೇಲೆ ಈ ಮನೇಲಿ ಯಾರೂ ಯಾರಿಗೂ ಏನೂ ಕಳಿಸೋ ಹಂಗಿಲ್ಲ! ಎಲ್ಲಾ ತಾನೇ ಹೋಗ್ತದೆ!" ಎಂದು ಷಡಕ್ಷರಿ ಘೋಷಿಸಿದಾಗ ಅವನ ಹೆಂಡತಿ ಮುಕ್ತಾಂಬೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಹನ್ನೆರಡು ವರ್ಷ ಅವನ ಜೊತೆ ಸಂಸಾರ ಮಾಡಿದವಳು. ಅವನ ಬಾಯಲ್ಲಿ 'ತಾನೇ' ಅನ್ನುವ ಮಾತು ಬಂದರೆ ಸಾಕು, ಮೇನ್ ಸ್ವಿಚ್ ಎಲ್ಲಿದೆ ಎಂದು ಅವಳ ಕಣ್ಣು ಹುಡುಕುತ್ತದೆ.

ದಾವಣಗೆರೆಯ ಆ ಮನೆಯ ನಡುಮನೆಯಲ್ಲಿ, ಮೇಜಿನ ಮೇಲೆ ಹೊಸ ಯಂತ್ರ ಕೂತಿತ್ತು. ಮೊನ್ನೆಯವರೆಗೆ ಅದು ಚಕ್ಕುಲಿ ಡಬ್ಬಿ. ಈಗ ಅದಕ್ಕೆ ಎರಡು ಕೊಂಬು, ಒಂದು ಹಸಿರು ದೀಪ.

"ಕಂಪ್ಯೂಟರಿನಾಗಿರೋ ಫೈಲು ಫೋನಿಗೆ, ಫೋನಿನಾಗಿರೋದು ಕಂಪ್ಯೂಟರಿಗೆ. ವೈರಿಲ್ಲ, ಪೆನ್‌ಡ್ರೈವಿಲ್ಲ! ವೈ-ಫೈ ಒಂದಿದ್ರೆ ಆಯ್ತು!"

"ಯಾರಿಗೆ ಏನು ಕೊಡಬೇಕು ಅಂತ ಅದು ಕೇಳೋದಿಲ್ಲೇನ್ರೀ?"

"ಕೇಳ್ತು. ಎಲ್ಲರಿಗೂ, ಎಲ್ಲಾನೂ ಅಂತ ಒತ್ತಿದೆ! ಒಬ್ಬರ ಎಲೆಗೆ ಹೋಳಿಗೆ, ಪಕ್ಕದೆಲೆಗೆ ಬರೀ ಸಾರು, ಅಂಥ ಪಂಕ್ತಿಭೇದ ನಮ್ಮನೇಲಿ ಯಾವತ್ತಾದ್ರೂ ಮಾಡೀವಾ?"

"ಹಂಗೆ ಹೇಳು!" ಎಂದರು ಅವನ ತಾಯಿ ಸರ್ವಮಂಗಳಮ್ಮ, ಹೆಮ್ಮೆಯಿಂದ ಸೆರಗು ಸರಿಮಾಡಿಕೊಳ್ಳುತ್ತಾ. "ನಿಮ್ಮ ತಾತನ ಕಾಲದಾಗೆ ದಾರಿಹೋಕರನ್ನೂ ಕರೆದು ಕೂರಿಸ್ತಿದ್ವಿ."

"ಅದನ್ನೂ ಹಾಕೀನಿ ಕಣವ್ವ! ಮೊದಲ ಪಂಕ್ತಿ ಮುಗೀತಿದ್ದಂಗೆ ಎರಡನೇದು, ಮೂರನೇದು. ಹಸಿದಿರೋ ಯಂತ್ರ ಎಲ್ಲಿದ್ರೂ ಹುಡುಕಿ ಬಡಿಸ್ತದೆ! ಎಲ್ಲರ ಫೋನೂ ಸೇರಿಸಿ ಆಯ್ತು. ಮುಕ್ತಾ, ನಿಂದೂ!"

ಮುಕ್ತಾಂಬೆ ತಟ್ಟನೆ ತನ್ನ ಫೋನ್ ಕೈಗೆತ್ತಿಕೊಂಡಳು.

ಅವಳ ಫೋನಿನಲ್ಲಿ ನಲವತ್ತು ಸೆಕೆಂಡಿನ ಒಂದು ದನಿಯಿತ್ತು. ಅತ್ತೆಯ ದನಿ! ಆದರೆ ಮಾತಾಡಿದವರು ಅತ್ತೆಯಲ್ಲ. ತಂಗಿಯನ್ನು ನಗಿಸಲೆಂದು ಮುಕ್ತಾಂಬೆಯೇ ಅತ್ತೆಯ ಹಾಗೆ ಗೊಣಗಿ ಕಳಿಸಿದ್ದಳು. ಅನುಕರಣೆಯಲ್ಲಿ ಅವಳದು ಎತ್ತಿದ ಕೈ.

ಇನ್ನು ಸರ್ವಮಂಗಳಮ್ಮನ ವಿಷಯ. ಅವರು ಮಾತು ಬಿಟ್ಟರೆ ಬಿಟ್ಟರೇ! ಎರಡೇ ಬೀದಿ ಆಚೆ ಅವರ ಓರಗಿತ್ತಿ ನೀಲಾಂಬಿಕಮ್ಮನ ಮನೆ. ನಾಲ್ಕು ವರ್ಷದ ಹಿಂದೆ ಒಂದು ನಾಮಕರಣದಲ್ಲಿ ಇವರು ಜೋಗುಳ ಹಾಡುವಾಗ ಆಕೆ ಕಿಸಕ್ಕನೆ ನಕ್ಕದ್ದೇ ನೆಪ, ಇವತ್ತಿಗೂ ಮಾತಿಲ್ಲ. ಹಾಗೆ ತನ್ನ ಮೇಲೂ ಮುನಿದರೆ? ಮಧ್ಯಾಹ್ನ ಇಬ್ಬರೂ ಕೂತು ರೊಟ್ಟಿ ತಟ್ಟುವುದು, ಊರವರನ್ನೆಲ್ಲ ಆಡಿಕೊಳ್ಳುವುದು, ಅತ್ತೆ ಅವಳ ತಲೆಗೆ ಎಣ್ಣೆ ಒತ್ತುವುದು, ಎಲ್ಲ ನಿಂತಂತೆಯೇ. ಆಮೇಲೆ ಮಾತಿಗೆ ಉಳಿಯುವವರು ಷಡಕ್ಷರಿ ಮತ್ತು ಅವನ ಡಬ್ಬಿಗಳು.

ಮೆಲ್ಲಗೆ ಅಡುಗೆಮನೆಗೆ ಜಾರಿ ಆ ದನಿಯನ್ನು ಅಳಿಸಿಹಾಕಿದಳು. ಉಸ್ಸಪ್ಪಾ!

ಆ ಸಮಾಧಾನ ಒಂದು ನಿಮಿಷವೂ ಬಾಳಲಿಲ್ಲ. "ನೋಡಿದ್ಯೇನೇ!" ಎಂದು ನಡುಮನೆಯಿಂದ ಷಡಕ್ಷರಿ ಕೂಗಿದ. "ಯಾರದೋ ಎಲೆ ಖಾಲಿ ಆಗೈತೆ ಅಂತ ಪೆಟ್ಟಿಗೆ ತಾನೇ ಕಂಡುಹಿಡೀತು! ಕೇಳದೆ ಇದ್ರೂ ಎರಡು ಸಲ ಬಡಿಸ್ತು!"

ಫೋನಿನಲ್ಲಿ ಈಗ ಆ ದನಿ ಎರಡಾಗಿತ್ತು. ಅವಳು ಗಾಬರಿಯಿಂದ ಎರಡನ್ನೂ ಅಳಿಸಿದಳು. ನಾಲ್ಕಾದವು!

"ರೀ, ನಿಲ್ಲಿಸ್ರೀ ಅದನ್ನ!"

"ನಿಲ್ಲಿಸೋದಾ? ಉಣ್ಣೋರು ಸಾಕು ಅನ್ನೋತನಕ ಬಡಿಸೋದೇ ಧರ್ಮ."

"ಯಂತ್ರ ಎಲ್ಲಿ ಸಾಕು ಅಂತಾವ್ರೀ!"

ಅದನ್ನು ಷಡಕ್ಷರಿ ಯೋಚಿಸಿರಲಿಲ್ಲ. ಮುಕ್ತಾಂಬೆ ಓಡಿಬಂದು ಪ್ಲಗ್ ಕಿತ್ತಳು. ಹಸಿರು ದೀಪ ಇನ್ನಷ್ಟು ಹೊಳೆಯಿತು. ಕರೆಂಟು ಹೋದರೂ ಊಟ ನಿಲ್ಲಬಾರದೆಂದು ಆ ಪುಣ್ಯಾತ್ಮ ಒಳಗೆ ಬ್ಯಾಟರಿ ಇಟ್ಟಿದ್ದ!

ಎರಡನೇ ಪಂಕ್ತಿ ಶುರುವಾಯಿತು. ಬಾಗಿಲ ಕರೆಗಂಟೆ ತಾನಾಗಿಯೇ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಥೇಟ್ ಸರ್ವಮಂಗಳಮ್ಮನ ದನಿಯಲ್ಲಿ ಅರಚಿತು: "ಅಯ್ಯೋ, ಹಾಲು ಉಕ್ಕಿತು! ಕೂಗಿ ಕೂಗಿ ಸತ್ತರೂ ಈ ಮನೇಲಿ ಒಬ್ಬರಿಗೂ ಕಿವಿ ಇಲ್ಲ! ನಾನು ಹೋದ ಮೇಲೆ ಗೊತ್ತಾಗುತ್ತೆ. ಹಾಲು ಉಕ್ಕಿ ಬೀದಿಗೆ ಹರಿದಾಗ ಗೊತ್ತಾಗುತ್ತೆ!"

ಟಿ.ವಿ. ಅದನ್ನೇ ಹೇಳಿತು. ಬಟ್ಟೆ ಒಗೆಯುವ ಯಂತ್ರ ಗಿರಗಿರ ತಿರುಗುತ್ತಾ ಅದನ್ನೇ ಹೇಳಿತು. ಷಡಕ್ಷರಿ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಅರ್ಥವಾಗಿ ಬೆವರಿದ. ಮುಕ್ತಾಂಬೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮುಗಿಯಿತು, ಇವತ್ತಿಗೆ ನನ್ನ ಕತೆ ಮುಗಿಯಿತು!

ಬಂದದ್ದು ನಗು. ಸರ್ವಮಂಗಳಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು!

"ಆ ನೀಲಾಂಬಿಕಿ ದನಿ ಅಲ್ಲೇನೋ ಇದು! ಹಿಂಗೇ ಕಣೋ ಅವಳು ಗೊಣಗೋದು! ಅದೇ ಮೂಗು, ಅದೇ ರಾಗ! ಇನ್ನೊಂದು ಸಲ ಹಾಕೋ!"

ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾರಿಗೆ ತಾನೇ ಗೊತ್ತು? ಹೋದ ಜೀವ ಬಂದಂತಾಗಿ ಮುಕ್ತಾಂಬೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಬೀದಿಗೆ ಕಸದ ಗಾಡಿ ಬಂತು.

ಮೂರನೇ ಪಂಕ್ತಿ! ಗಾಡಿಯ ಹಾಡು ಗಕ್ಕನೆ ನಿಂತು, ಮೇಲಿನ ಧ್ವನಿವರ್ಧಕ ಇಡೀ ಬಡಾವಣೆಗೆ ಸಾರಿತು: "ಅಯ್ಯೋ, ಹಾಲು ಉಕ್ಕಿತು!" ಎರಡೂ ಸಾಲಿನ ಮನೆಗಳಲ್ಲಿ ಹೆಂಗಸರು ಕಸದ ಬುಟ್ಟಿ ಅಲ್ಲೇ ಎಸೆದು ಒಲೆ ಆರಿಸಲು ಓಡಿದರು. ಗಾಡಿಯವನು ಏನೇನೋ ಗುಂಡಿ ಒತ್ತಿದ, ಕೊನೆಗೆ ಹೆದರಿ ಗಾಡಿಯನ್ನು ಜೋರಾಗಿ ಓಡಿಸಿಕೊಂಡು ಎರಡು ಬೀದಿ ಆಚೆ ಹೋದ.

ಹತ್ತು ನಿಮಿಷವಾಗಿಲ್ಲ, ನೀಲಾಂಬಿಕಮ್ಮ ಚಪ್ಪಲಿಯನ್ನೂ ಮೆಟ್ಟದೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದರು. ಕಣ್ಣ ತುಂಬ ನೀರು.

"ಮಂಗಳಾ! ಬದುಕಿದೀಯೇನೇ? 'ನಾನು ಹೋದ ಮೇಲೆ' ಅಂತ ಬೀದೀಲಿ ನಿನ್ನ ದನಿ ಕೇಳಿ ನನ್ನ ಜೀವ ಬಾಯಿಗೆ ಬಂತಲ್ಲೇ!"

"ನನ್ನ ದನಿಯೇನು? ಅದು ನಿನ್ನದೇ ಕಣಕ್ಕಾ!"

ನಾಲ್ಕು ವರ್ಷದ ಮೇಲೆ ಆಡಿದ ಮೊದಲ ಮಾತು! "ನಿಂದು!" "ನಿಂದೇ!" ಎಂದು ಜಗಳ ಏರಿತು. ಆದರೂ ಇಬ್ಬರೂ ಒಬ್ಬರ ಕೈ ಒಬ್ಬರು ಬಿಟ್ಟಿರಲಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ತಿರುಗಿದರು.

"ಮುಕ್ತಾ, ನೀನೇ ಹೇಳು. ಯಾರ ದನಿ ಇದು?"

ಅತ್ತೆಯದೆಂದರೆ ಅತ್ತೆ ಬಿಟ್ಟಾರೆ? ದೊಡ್ಡತ್ತೆಯದೆಂದರೆ ಈಗ ತಾನೇ ಹಿಡಿದ ಕೈ ಬಿಟ್ಟುಹೋದೀತು. ಹೊರಗೆ ಕಾಲು ತೆಗೆಯಲು ನೋಡುತ್ತಿದ್ದ ಗಂಡನಿಂದ ಸಹಾಯವಿಲ್ಲ. ಅವಳು ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು.

"ನಂದು, ಅತ್ತೆ. ನಾನೇ ಮಾಡಿದ್ದು."

ಇಬ್ಬರೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಂದಾ?" ಎಂದರು ನೀಲಾಂಬಿಕಮ್ಮ.

"ಅಂಥ ಕಂಠ ಇವಳಿಗೆಲ್ಲಿಂದ ಬರಬೇಕಕ್ಕಾ!" ಎಂದರು ಸರ್ವಮಂಗಳಮ್ಮ. "ನಮ್ಮ ಜಗಳ ಬಿಡಿಸೋಕೆ ಸುಳ್ಳು ಹೇಳ್ತಿದೆ ಪಾಪ. ಹೋಗಮ್ಮ, ದೊಡ್ಡತ್ತೆಗೆ ಕಾಫಿ ಮಾಡು."

ಮುಕ್ತಾಂಬೆ ದೇವರಿಗೆ ಕೈಮುಗಿದು ಅಡುಗೆಮನೆಗೆ ಹೋದಳು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೆದರಿಕೆಯೂ ಇಳಿಯಿತು. ಇಳಿದದ್ದೇ ತಡ ಸಿಟ್ಟು ಬಂತು. ಊರೆಲ್ಲ ನಂಬುವ ಹಾಗೆ ಮಾಡಿದ್ದಳಲ್ಲ, ಒಬ್ಬರಾದರೂ ಚೆನ್ನಾಗಿ ಮಾಡಿದ್ದೀಯ ಅನ್ನಬಾರದಿತ್ತೆ?