ಎಲ್ಲರಿಗೂ ಇಪ್ಪತ್ತು ಉಸಿರು

ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ರೋಗಿಯ ಮುಖ ನೋಡಿದರೆ ಸಾಕು, ಉಳಿದದ್ದೆಲ್ಲ ತನಗೆ ತಿಳಿದುಬಿಡುತ್ತದೆ ಎಂಬ ಭ್ರಮೆ. ನನಗಂತೂ ಅದು ಜೋರಾಗಿಯೇ ಇತ್ತು. ವಾರ್ಡಿನ ಬಾಗಿಲಲ್ಲಿ ನಿಂತು, "ಮೂರನೇ ಕಾಟಿನವರಿಗೆ ಸಂಜೀಕ ಜ್ವರ ಬರತಾವ ನೋಡ" ಎಂದು ಹೇಳಿ, ಬಂದಾಗ ಹೊಸ ಹುಡುಗಿಯರ ಕಣ್ಣರಳುವುದನ್ನು ನೋಡಿ ಸುಖಪಟ್ಟವಳು ನಾನು. ಬಾರದೆ ಹೋದ ಜ್ವರಗಳು ಎಷ್ಟೋ, ಅವು ನನ್ನ ನೆನಪಿನಲ್ಲಿಲ್ಲ.

ಇಂಥವಳನ್ನು ಹೋದ ವರ್ಷ ನಮ್ಮ ಬೆಳಗಾವಿಯ ಆಸ್ಪತ್ರೆಯವರು ಕಂಪ್ಯೂಟರ್ ಮುಂದೆ ಕೂರಿಸಿದರು. ರೋಗಿಗೆ ಯಾವಾಗ ಏನು ಮಾಡಬೇಕೆಂದು ತೀರ್ಮಾನಿಸುವುದನ್ನು ಹೊಸ ನರ್ಸುಗಳಿಗೆ ಇನ್ನು ಮುಂದೆ ಅದೇ ಕಲಿಸುತ್ತದಂತೆ. ಹಿರಿಯರು ಮೊದಲು ಪಾಸಾಗಿ ತೋರಿಸಬೇಕಂತೆ. ತೆರೆಯ ಮೇಲೆ ರಮೇಶ ಎಂಬ ರೋಗಿ ಮಲಗಿದ್ದ. ಪಕ್ಕದಲ್ಲಿ ಒತ್ತಲು ಏಳೆಂಟು ಗುಂಡಿ, ಮೇಲೆ ಓಡುವ ಗಡಿಯಾರ. ನಾನು ವಾಡಿಕೆಯಂತೆ ಮೊದಲು ಧೈರ್ಯ ಹೇಳಿದೆ, ದಿಂಬು ಸರಿ ಮಾಡಿದೆ. ರಮೇಶ ಸತ್ತ. ಎರಡನೇ ಸಲ ಬಿಪಿ ನೋಡಿದೆ. ಆಗಲೂ ಸತ್ತ. ಮೂರನೇ ಸಲ ಸತ್ತಾಗ ತೆರೆಯ ಮೇಲೆ ಅಕ್ಷರ ಮೂಡಿದವು: "ನಿಮ್ಮ ರೋಗಿ ಮೃತಪಟ್ಟಿದ್ದಾರೆ. ಮತ್ತೊಮ್ಮೆ ಪ್ರಯತ್ನಿಸಿ." ಇಂಥ ಸೌಲಭ್ಯ ನನ್ನ ವಾರ್ಡಿನಲ್ಲಿ ಎಂದೂ ಇರಲಿಲ್ಲ. ಕೆಳಗೆ ಕಾರಣವನ್ನೂ ಕೊಟ್ಟಿದ್ದರು. ನಾನು ಉಸಿರು ಎಣಿಸಿರಲಿಲ್ಲ.

ಇಲ್ಲೊಂದು ತಪ್ಪೊಪ್ಪಿಗೆ. ರೋಗಿಯ ಚಾರ್ಟಿನಲ್ಲಿ ಉಸಿರಾಟಕ್ಕೊಂದು ಕಾಲಂ ಇರುತ್ತದೆ. ಒಂದು ನಿಮಿಷ ಪೂರ್ತಿ ನಿಂತು, ಎದೆ ಏರಿಳಿಯುವುದನ್ನು ಎಣಿಸಿ ಬರೆಯಬೇಕು. ವಾರ್ಡು ತುಂಬಿರುವಾಗ ಆ ಒಂದು ನಿಮಿಷ ಯಾರ ಹತ್ತಿರ ಇರುತ್ತದೆ? ನಾವು ಇಪ್ಪತ್ತು ಎಂದು ಬರೆದು ಮುಂದೆ ಹೋಗುತ್ತೇವೆ. ಕುಸ್ತಿ ಆಡುವ ಪೈಲ್ವಾನನಿಗೂ ಇಪ್ಪತ್ತು, ತೊಂಬತ್ತರ ಅಜ್ಜಿಗೂ ಇಪ್ಪತ್ತು. ನನ್ನ ವಾರ್ಡಿನಲ್ಲಿ ಉಸಿರಿನ ಮಟ್ಟಿಗೆ ಸಂಪೂರ್ಣ ಸಮಾನತೆ ಇತ್ತು.

ಆದರೂ ಸೋಲೊಪ್ಪಲಿಲ್ಲ. ಆಡಳಿತಾಧಿಕಾರಿಗಳ ಕೋಣೆಗೆ ನುಗ್ಗಿ, "ನಾ ಮತ್ತ ಆ ಪೆಟಗಿ ಮುಂದ ಕುಂದ್ರಂಗಿಲ್ರಿ ಸರ. ನನ್ನ ಕೈಯಾಗ ಜೀವ ಉಳಿದವರನ್ನ ಕರಕೊಂಡ ಬರ್ಲೇನು? ನಿಮ್ಮ ಕಂಪೌಂಡ್ ಸಾಲಂಗಿಲ್ಲ" ಎಂದೆ. ಅವರು ರಜೆಯ ಪಟ್ಟಿ ತೆಗೆದು ನೋಡಿದರು. ಖಾನಾಪುರದ ನಮ್ಮ ಸಣ್ಣ ಶಾಖೆಯ ಇನ್‌ಚಾರ್ಜ್ ಸಿಸ್ಟರ್ ರಜೆಯಲ್ಲಿದ್ದರು. ಹದಿನೈದು ದಿನಕ್ಕೆ ನನ್ನನ್ನು ಅಲ್ಲಿಗೆ ಕಳಿಸಿದರು.

ಹೊರಡುವ ಹಿಂದಿನ ಭಾನುವಾರ ಶಿವಬಸವ ನಗರದ ಮನೆಯಲ್ಲಿ ನನ್ನ ಯಜಮಾನರು ಊಟ ಮಾಡಿ ಕುರ್ಚಿಯಲ್ಲೇ ಒರಗಿದ್ದರು. ಯಾರೂ ನೋಡುತ್ತಿಲ್ಲವಲ್ಲ ಎಂದು ಅವರ ಉಸಿರು ಎಣಿಸತೊಡಗಿದೆ. ಹನ್ನೊಂದನೇ ಉಸಿರಿಗೆ ಕಣ್ಣು ಬಿಟ್ಟರು. "ಏನ್ ನೋಡಾಕತ್ತೀ?"

"ಉಸಿರು ಎಣಸಾಕತ್ತೀನ್ರಿ."

"ಇನ್ನೂ ಎಷ್ಟ ಉಳದಾವ?" ಎಂದು ಕೇಳಿ ಮತ್ತೆ ಮಲಗಿದರು. ಅಲ್ಲಿಗೆ ನನ್ನ ಅಭ್ಯಾಸ ಮುಗಿಯಿತು.

ಖಾನಾಪುರದಲ್ಲಿ ನನ್ನ ಜೊತೆಗಿದ್ದವಳು ಶಬಾನಾ. ಅದೇ ಊರಿನ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳು. ಕಂಪ್ಯೂಟರಿನ ರಮೇಶನನ್ನು ಮೊದಲ ಸಲಕ್ಕೇ ಬದುಕಿಸಿದವಳು ಎಂದು ಕೇಳಿದ್ದೆ. ಅದಕ್ಕೇ ಅವಳ ಮೇಲೆ ಸ್ವಲ್ಪ ಸಿಟ್ಟಿತ್ತು. ನಂದಗಡದಿಂದ ಗಂಗವ್ವ ಎಂಬ ಅರವತ್ತರ ಹೆಂಗಸು ಬಂದು ದಾಖಲಾಗಿದ್ದರು. ಸಕ್ಕರೆ ಕಾಯಿಲೆ, ಹೊಲದಲ್ಲಿ ಮುಳ್ಳು ತುಳಿದು ಕಾಲಲ್ಲಿ ಗಾಯ. ಜ್ವರ ಹೆಚ್ಚಿಲ್ಲ, ಬಿಪಿ ಸರಿಯಿದೆ, ಬಾಯಿ ತುಂಬ ಮಾತು. "ನನಗೇನ ಆಗಿಲ್ರೀ ಅಕ್ಕಾರ, ಒಂದೀಟು ದಣಿವು ಅಷ್ಟ" ಎಂದರು. ನಾನು ಮುಖ ನೋಡಿದೆ. ಏನೂ ಆಗಿಲ್ಲ ಎಂದು ನನ್ನ ಮೂವತ್ತೊಂದು ವರ್ಷವೂ ಹೇಳಿತು.

ಶಬಾನಾ ಮಂಚದ ಬಾಜೂ ನಿಂತು ಗಡಿಯಾರ ನೋಡುತ್ತಿದ್ದಳು. ಒಂದು ನಿಮಿಷ. ಮತ್ತೊಂದು ನಿಮಿಷ. "ಸಿಸ್ಟರ್, ಮೂವತ್ತೆರಡ ಅದಾವ್ರಿ. ಡಾಕ್ಟರಿಗೆ ಹೇಳೂಣ್ರಿ."

"ಬಿಸಲಾಗ ಬಂದಾರ, ಅದಕ್ಕ. ಇಪ್ಪತ್ತು ಅಂತ ಬರದು ಬಾ."

ಅವಳು ಪೆನ್ನು ಕೆಳಗಿಟ್ಟಳು. "ಮೂವತ್ತೆರಡ ಎಣಿಸಿ ಇಪ್ಪತ್ತ ಹೆಂಗ ಬರೀಲ್ರಿ? ನೀವ ಬೈರಿ ಬೇಕಾದ್ರ. ನಾ ಬರಿಯಂಗಿಲ್ಲ."

ಬೈದೆ. ಇದು ಕಂಪ್ಯೂಟರ್ ಅಲ್ಲ, ಇಲ್ಲಿ ಅನುಭವ ಬೇಕು ಎಂದೆಲ್ಲ ಕೂಗಾಡಿದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ನೇರ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರು ಬಂದು ಪರೀಕ್ಷಿಸುವಷ್ಟರಲ್ಲಿ ಗಂಗವ್ವನ ಮಾತು ತೊದಲತೊಡಗಿತ್ತು. ಕಾಲಿನ ನಂಜು ರಕ್ತಕ್ಕೆ ಏರಿತ್ತು; ಬಿಪಿಗಿಂತ ಮೊದಲು ಉಸಿರೇ ಅದನ್ನು ಹೇಳಿತ್ತು. ಸಲೈನ್, ಇಂಜೆಕ್ಷನ್ ಹಾಕಿ ಅಂಬುಲೆನ್ಸಿನಲ್ಲಿ ಬೆಳಗಾವಿಗೆ ಸಾಗಿಸಿದೆವು. ದಾರಿಯುದ್ದಕ್ಕೂ ನಾನು ಪಕ್ಕದಲ್ಲಿ ಕೂತು ಉಸಿರು ಎಣಿಸಿದೆ. ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯವರು. ಹತ್ತು ದಿನಕ್ಕೆ ಗಂಗವ್ವ ಎದ್ದು ಕೂತು, ಆಸ್ಪತ್ರೆಯ ಚಹಾ ಸಪ್ಪೆ ಎಂದು ಜಗಳ ತೆಗೆದರು.

ಇಷ್ಟಾದ ಮೇಲೆ ಶಬಾನಾಗೆ ಶಭಾಸ್ ಸಿಗಬೇಕಿತ್ತು, ನೋಟಿಸ್ ತಯಾರಾಯಿತು. ಇನ್‌ಚಾರ್ಜನ್ನು ದಾಟಿ ಹೊಸ ನರ್ಸು ನೇರವಾಗಿ ಡಾಕ್ಟರಿಗೆ ಫೋನ್ ಮಾಡುವಂತಿಲ್ಲವಂತೆ. ನಾನು ಮತ್ತೆ ಅದೇ ಕೋಣೆಗೆ ನುಗ್ಗಿದೆ.

"ನಿಯಮ ಅಂದ್ರ ನಿಯಮ ಅಲ್ಲೇನ್ರೀ ಸಿಸ್ಟರ್?" ಎಂದರು ಆಡಳಿತಾಧಿಕಾರಿಗಳು.

"ಆಕಿ ಮೊದಲ ನನಗ ಹೇಳ್ಯಾಳ್ರಿ. ಬ್ಯಾಡ ಅಂದಾಕಿ ನಾನು. ಇವತ್ತ ಆಕಿಗೆ ನೋಟಿಸ್ ಕೊಟ್ರ ನಾಳೆ ಯಾವ ಹುಡುಗೀನೂ ಫೋನ್ ಎತ್ತಂಗಿಲ್ಲ. ನೀವ ಲಕ್ಷಗಟ್ಟಲೆ ಸುರದು ಕಂಪ್ಯೂಟರಿನಾಗ ಕಲಿಸಿದ್ದನ್ನ ಆಕಿ ಖರೇ ಮಾಡಿ ತೋರಿಸ್ಯಾಳ. ಕೊಡೂದಿದ್ರ ನನಗ ಕೊಡ್ರಿ."

ಕೊಟ್ಟರು. ನನ್ನ ಜೀವನದ ಮೊದಲ ನೋಟಿಸ್. ಖಾನಾಪುರಕ್ಕೆ ಮರಳಿ ಉತ್ತರ ಬರೆಯಲು ಕೂತಾಗ ಎಂದೂ ಇಲ್ಲದ ಹುರುಪು. "ಹುಡುಗಿಯದು ಸರಿ, ನನ್ನದು ತಪ್ಪು. ನಾನು ತಪ್ಪಿದಾಗ ನನ್ನನ್ನು ದಾಟಿ ಹೋಗಿ ಎಂದೇ ಇನ್ನು ಮುಂದೆ ಎಲ್ಲ ಹೊಸಬರಿಗೂ ಕಲಿಸುತ್ತೇನೆ." ಇಷ್ಟೇ ಬರೆದು, ದೊಡ್ಡ ಸಹಿ ಹಾಕಿ, ಎದೆಯುಬ್ಬಿಸಿಕೊಂಡು ಶಬಾನಾ ಮುಂದೆ ಹಿಡಿದೆ. ಅವಳ ಕಣ್ಣು ತುಂಬೀತು ಎಂದು ಕರವಸ್ತ್ರವನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ.

ಅವಳು ಎರಡು ಸಲ ಓದಿದಳು. "ಸಿಸ್ಟರ್, ಮ್ಯಾಲಿನ ತಾರೀಖು ತಪ್ಪೈತ್ರಿ."

ತಿದ್ದಿದೆ. ಆದರೆ ಆವತ್ತು ಸಂಜೆಯವರೆಗೂ ಅವಳ ಜೊತೆ ಮಾತಾಡಲಿಲ್ಲ.