ಸ್ಯಾಂಪಲ್ ಫ್ಲ್ಯಾಟಿನಲ್ಲಿ ಭಾವನ ದೋಸೆ

ನನ್ನ ಗಂಡನ ಅಣ್ಣ ಠಾಣೆ ಶಹರದಿಂದ ಸಾನಪಾಡಾದವರೆಗೆ ಎಷ್ಟೋ ಹೊಸ ಫ್ಲ್ಯಾಟುಗಳಲ್ಲಿ ದೋಸೆ ಹೊಯ್ದಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಹಿಟ್ಟಿಲ್ಲ, ಕಾವಲಿಯಿಲ್ಲ, ಒಲೆಯೂ ಇಲ್ಲ!

ಭಾವ ಮದುವೆಯಾದವರಲ್ಲ. ನಲವತ್ತು ವರ್ಷ ಹೊಟೇಲಿನಲ್ಲಿ ದೋಸೆ ಹೊಯ್ದು, ಈಗ ಡೊಂಬಿವಲಿಯಲ್ಲಿ ನಮ್ಮ ಎದುರು ಮನೆಯಲ್ಲೇ ಇದ್ದಾರೆ. ಎರಡೂ ಮನೆಗಳಿರುವ ಈ ಹಳೆಯ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಟವರ್ ಎಬ್ಬಿಸುವ ಮಾತು ಶುರುವಾದದ್ದೇ ತಡ, ನಮಗೆ ಸಿಗುವ ಹೊಸ ಮನೆ ಹೇಗಿದ್ದೀತೆಂದು ತಿಳಿಯಲು ಭಾವ ಪ್ರತಿ ಭಾನುವಾರ ಬಿಲ್ಡರುಗಳ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೊರಟರು. ಜೊತೆಗೆ ನಾನು. ದೇವರ ದಯೆ, ಎಲ್ಲ ಕಡೆ ಎಸಿ, ತಣ್ಣೀರು, ಕೂರಲು ಸೋಫಾ!

ಐರೋಲಿಯಲ್ಲಿ ಭಾವ ಅಡುಗೆ ಕಟ್ಟೆಯೆದುರು ನಿಂತು ಗಾಳಿಯಲ್ಲೇ ಹಿಟ್ಟು ಸುತ್ತಿಸಿದರು. ಮೊಣಕೈ ಗೋಡೆಗೆ ಬಡಿಯಿತು.

"ಇಲ್ಲಿ ಮಸಾಲೆ ದೋಸೆ ಆಗುದಿಲ್ಲ. ಸೆಟ್ ದೋಸೆ ಆದೀತು."

ಮನೆ ತೋರಿಸುವ ಹುಡುಗಿ ನಕ್ಕಳು. "ಅಂಕಲ್, ಆಜ್‌ಕಲ್ ಸಬ್ ಬಾಹರ್ ಸೇ ಮಂಗಾತೇ ಹೈಂ." ಈಗ ಎಲ್ಲರೂ ಹೊರಗಿನಿಂದಲೇ ತರಿಸುತ್ತಾರಂತೆ!

"ಹಾಗಾದ್ರೆ ಅಡುಗೆಮನೆ ಯಾಕೆ ಕಟ್ಟಿದ್ದು?" ಎಂದು ಭಾವ ಕೇಳಿದ್ದು ನನ್ನನ್ನು. ಕಟ್ಟಿದವಳು ನಾನೇ ಎಂಬಂತೆ!

ಮಾಜಿವಾಡಾದಲ್ಲಿ ಕೋಣೆ ದೊಡ್ಡದಾಗಿ ಕಾಣಲೆಂದು ಪುಟ್ಟ ಮಂಚ ಇಟ್ಟಿದ್ದರು. ಭಾವ ಚಪ್ಪಲಿ ಕಳಚಿ ಮಲಗಿಯೇಬಿಟ್ಟರು. ಮೊಣಕಾಲಿನಿಂದ ಕೆಳಗೆಲ್ಲ ಹೊರಗೆ! "ಕಾಲನ್ನು ಪಾರ್ಕಿಂಗಿನಲ್ಲಿ ಇಡುದಾ?"

ಒಂಟಿ ಮನುಷ್ಯನಿಗೆ ಅಡುಗೆಮನೆಯ ಅಳತೆಯೇಕೆ? ನನಗೆ ಅದೇ ಕುತೂಹಲ.

ಕೊನೆಗೆ ನಮ್ಮ ಕಟ್ಟಡದ ಸೊಸೈಟಿಯಲ್ಲಿ ಟವರಿನ ನಕ್ಷೆ ಹರಡಿ, ಚೀಟಿ ಎತ್ತಿ ಹೊಸ ಫ್ಲ್ಯಾಟುಗಳನ್ನು ಹಂಚಿದರು. ಭಾವನ ಅಡುಗೆಮನೆ ಪೂರ್ವಕ್ಕೆ, ರಸ್ತೆ ಕಡೆಗೆ. ನಮ್ಮದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ನಡುವೆ ಪೈಪುಗಳು. ಹಗಲೂ ಲೈಟು ಬೇಕು. ಬೆಳಿಗ್ಗೆ ಕಿಟಕಿಯಲ್ಲಿ ಸೂರ್ಯನಿಗೆ ಕೈಮುಗಿದೇ ಒಲೆ ಮೇಲೆ ಹಾಲಿಡುವವಳು ನಾನು. ಹೋಗಲಿ, ತಲೆ ಮೇಲೊಂದು ಸೂರಾದರೂ ಉಂಟಲ್ಲ ಎಂದು ದೇವರಿಗೆ ನಮಸ್ಕರಿಸಿದೆ. ಆದರೂ ಚೀಟಿಯನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ.

ಭಾವ ನೇರ ಸೆಕ್ರೆಟರಿಯ ಬಳಿ ಹೋದರು. "ನನ್ನದು ತಮ್ಮನಿಗೆ, ತಮ್ಮನದು ನನಗೆ. ಬರ್ಕೊಳ್ಳಿ."

ನಾನು ಗಾಬರಿಯಿಂದ, "ಬೇಡ ಭಾವ, ಆ ಕತ್ತಲೆಯಲ್ಲಿ ನೀವು ಹೇಗೆ ಇರುದು?" ಎಂದೆ.

"ಹೊಟೇಲಿನ ಅಡುಗೆಮನೆಗೆ ಕಿಟಕಿಯೇ ಇರ್ಲಿಲ್ಲ ತಂಗೀ. ಹೊರಗೆ ಮಳೆ ಬಂದದ್ದು ಗೊತ್ತಾಗ್ತಿದ್ದದ್ದು ವೇಟರಿನ ಅಂಗಿ ಒದ್ದೆಯಾದಾಗ. ನಂಗೆ ಅಭ್ಯಾಸ ಉಂಟು," ಎಂದು ಸಹಿ ಹಾಕಿ ಪೆನ್ನು ಮುಚ್ಚಿದರು. "ನಿಂಗೆ ಆ ಅಭ್ಯಾಸ ಆಗುದು ಬೇಡ."