ಸಾಹೇಬರ ತತ್ವಗಳೂ ತೂತಿನ ಕಾರ್ಡುಗಳೂ

ಮೇಲಿನವರು ನಿಯಮ ಮಾಡೋದು, ಕೆಳಗಿನವರು ಅದನ್ನು ಚಾಚೂ ತಪ್ಪದೆ ಪಾಲಿಸಿ ಎಡವಟ್ಟು ಮಾಡೋದು, ಇದು ಸರ್ಕಾರಿ ಕಚೇರಿಯಲ್ಲಿ ನಡೀತಲೇ ಇರುತ್ತೆ. ಅರವತ್ತರ ದಶಕದಲ್ಲಿ ನಾನು ಸಾಗರದ ಮುಳುಗಡೆ ಕಚೇರಿಯಲ್ಲಿ ಗುಮಾಸ್ತ. ಅಣೆಕಟ್ಟಿನಿಂದ ಊರು ಮುಳುಗುವವರಿಗೆ ಬೇರೆ ಕಡೆ ಜಾಗ ಕೊಡೋದು ನಮ್ಮ ಕೆಲಸ. ದೆಹಲಿಯಲ್ಲಿ ತರಬೇತಿ ಮುಗಿಸಿ ಬಂದ ಹೊಸ ಸಾಹೇಬರು, ಮುಂದೆ ಕಂಪ್ಯೂಟರ್ ಬರುತ್ತೆ, ಈಗಿಂದಲೇ ಅದರ ಶಿಸ್ತು ಕಲೀರಿ ಅಂತ ಮೂರು ತತ್ವ ಬರೆದು ಗೋಡೆಗೆ ಅಂಟಿಸಿದರು.

ಒಂದು: ಮೂಲ ಪ್ರತಿ ಒಂದೇ

ಮುಳುಗುವ ಮನೆಯ ವಿವರ ಬರೆಯೋಕೆ ಮನೆಗೊಂದೇ ಕಾರ್ಡು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಚೇರಿಯವರು ಅದನ್ನೇ ನೋಡಬೇಕು. 'ಮೂಲ ಪ್ರತಿ' ಅಂತ ಮುದ್ರೆಯನ್ನೂ ಮಾಡಿಸಿದರು. ತಿಂಗಳು ಬಿಟ್ಟು ನೋಡಿದರೆ ಒಂದೇ ಮನೆಗೆ ಮೂರೂ ಕಡೆ ಒಂದೊಂದು ಕಾರ್ಡು, ಮೂರಕ್ಕೂ ಆ ಮುದ್ರೆ. ಸಾಹೇಬರು ರೇಗಿದಾಗ ಹೊಸನಗರದ ಗುಮಾಸ್ತರು ಸಮಾಧಾನವಾಗಿ, "ಮುದ್ರೆ ಮಾತ್ರ ಒಂದೇ ಸ್ವಾಮಿ, ಬಸ್ಸಲ್ಲಿ ಕಳಿಸ್ಕೊಂಡು ಹಾಕ್ತೀವಿ" ಅಂದರು.

ಎರಡು: ನಕಲು ದೂರದಲ್ಲಿರಲಿ

ಬೆಂಕಿ ಬಿದ್ದರೂ ಮಾಹಿತಿ ಉಳೀಬೇಕು, ಅದಕ್ಕೆ ನಕಲು ತೀರ್ಥಹಳ್ಳಿಯಲ್ಲಿರಲಿ ಅಂದರು. ನಮ್ಮ ಜವಾನ ಟ್ರಂಕು ಹೊತ್ತು ಹೋಗಿ ಬಂದ. ಮರುದಿನ ಬೀರು ತೆಗೆದರೆ ಖಾಲಿ. ಜೋಡಿ ಅಗಲಿಸಬಾರದು ಅಂತ ಪುಣ್ಯಾತ್ಮ ಅಸಲನ್ನೂ ಅಲ್ಲೇ ಇಟ್ಟು ಬಂದಿದ್ದ. ಸಾಹೇಬರು ಸಂಜೆವರೆಗೂ ತೀರ್ಥಹಳ್ಳಿಗೆ ಫೋನು ತಿರುಗಿಸುತ್ತಾ ಕೂತರು. ಪಾಪ ಅನ್ನಿಸಿ ನಾವೇ ಎರಡು ಸಲ ಕಾಫಿ ತರಿಸಿಕೊಟ್ಟೆವು.

ಮೂರು: ಸೂಜಿ ಸುಳ್ಳು ಹೇಳೋದಿಲ್ಲ

ಕಾರ್ಡಿನ ಅಂಚಿಗೆ ಸಾಲಾಗಿ ತೂತುಗಳು. ಒಂದೊಂದು ತೂತಿಗೂ ಒಂದೊಂದು ಪ್ರಶ್ನೆ. ಉತ್ತರ ಹೌದು ಅಂತಾದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಬೇಕು. ಕಾರ್ಡುಗಳನ್ನು ಒಟ್ಟಿಗೆ ಹಿಡಿದು ಆ ತೂತಿಗೆ ಉದ್ದದ ಸೂಜಿ ತೂರಿಸಿ ಎತ್ತಿದರೆ ಕತ್ತರಿಸಿದವು ಮಾತ್ರ ಉದುರುತ್ತವೆ. ಸುಳ್ಳೇಕೆ, ನೋಡೋಕೆ ಮಜವಾಗಿತ್ತು. ಒಂದು ತೂತು 'ತೀರ್ಥಹಳ್ಳಿ ಕಡೆ ಹೋಗಲು ಒಪ್ಪಿಗೆ' ಅನ್ನೋದಕ್ಕೆ. ಸರಿ ಇದೆಯಾ ನೋಡಿ ಅಂತ ಕಾರ್ಡುಗಳನ್ನು ಒಂದು ವಾರ ಮನೆಮನೆಗೆ ಕೊಟ್ಟು ವಾಪಸು ತಂದಿದ್ದೆವು.

ಆಮೇಲೊಂದು ದಿನ ಅಜ್ಜಿಯೊಬ್ಬರು ನೋಟೀಸು ಹಿಡಿದು ಬಂದರು. ಇಡೀ ಕೇರಿಗೆ ಸಾಗರದ ಹತ್ತಿರ ಜಾಗ, ಇವರೊಬ್ಬರಿಗೆ ತೀರ್ಥಹಳ್ಳಿ ಕಡೆ. ಕಾರ್ಡು ತೆಗೆದರೆ ಆ ಒಪ್ಪಿಗೆಯ ತೂತು ಅಂಚಿನವರೆಗೆ ಹರಿದಿತ್ತು. ಆಗ ಎಲ್ಲರ ಮನೆಯಲ್ಲೂ ಕಾಗದಪತ್ರ ಚುಚ್ಚಿಡೋಕೆ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಅಜ್ಜಿ ಕಾರ್ಡನ್ನೂ ಅದಕ್ಕೇ ಹಾಕಿ, ವಾಪಸು ಕೊಡುವಾಗ ಎಳೆದಿದ್ದರು. "ತೂತು ಮಾಡಿ ಕೊಟ್ಟಿದ್ದು ನೀವೇ ಅಲ್ದಾ? ತಂತಿಗೆ ಹಾಕ್ಲಿ ಅಂತ ಮಾಡಿದ್ದು ಅಂದ್ಕಂಡೆ" ಅಂದರು. ಗುರುತಿಲ್ಲದ ಊರಲ್ಲಿ ಒಬ್ಬಳೇ ಎಂತ ಮಾಡ್ಲಿ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಾಹೇಬರ ಮುಖ ಬಾಡಿತು. ಆದರೆ ತೀರ್ಥಹಳ್ಳಿ ಕಡೆಯವರ ಪಟ್ಟಿ ಬೆಂಗಳೂರಿಗೆ ಹೋಗಿಯಾಗಿತ್ತು. ಹೊಸ ಹೆಸರು ಸೇರಿಸಬಹುದೇ ಹೊರತು ಇದ್ದದ್ದನ್ನು ತೆಗೆಯುವಂತಿರಲಿಲ್ಲ.

ಮಾರನೇ ದಿನ ಆ ಅಜ್ಜಿಯ ಪಕ್ಕದ ಮನೆಯಾಕೆ ಬಂದರು. ಬೇಲಿ ಮೇಲಿದ್ದ ಒಂದು ಹಲಸಿನ ಮರಕ್ಕಾಗಿ ಇಬ್ಬರಿಗೂ ಮೂವತ್ತು ವರ್ಷದ ಜಗಳ. ಚಾಡಿ ಹೇಳೋಕೆ ಬಂದರು ಅಂದುಕೊಂಡೆ. ಆಕೆ ತಮ್ಮ ಕಾರ್ಡು ಕೇಳಿ ಇಸಕೊಂಡು, ಅದೇ ತೂತನ್ನು ಉಗುರಿನಿಂದ ಹರಿದು ಮೇಜಿನ ಮೇಲಿಟ್ಟರು. "ನನ್ನನ್ನೂ ಅಲ್ಲಿಗೇ ಹಾಕಿ" ಅಂದರು.

ಸಾಹೇಬರ ಕಣ್ಣು ಒದ್ದೆಯಾಯಿತು. ಅಜ್ಜಿಯನ್ನು ಕಂಡರೆ ಅಷ್ಟು ಪ್ರೀತಿಯಾ ಅಮ್ಮಾ ಅಂತ ಕೇಳಿದರು.

"ಪ್ರೀತಿ ಎಂತದ್ದು ಮಾರಾಯ್ರೇ! ಮರ ಮುಳುಗೋ ಹೊತ್ತು ಬಂದ್ರೂ ಅದು ಯಾರದ್ದು ಅಂತ ತೀರ್ಮಾನ ಆಗ್ಲಿಲ್ಲ. ಅವಳು ಹಂಗೇ ತಪ್ಪಿಸ್ಕಂಡು ಹೋಗೋದಾ?"